ಮದ್ದಿನ ಮನೆಯ ಹೊಸ್ತಿಲು

"ಗುರುಗಳೇ, ಹಿರಿಯರಲ್ಲಿ ತಪ್ಪು ಕಂಡರೆ ಕಿರಿಯನಾದವನು ಬಾಯಿ ಬಿಡಬಹುದೇ?" ಎಂದು ಮರುಳಪ್ಪ ಕೇಳಿದ. ಕೇಳಿ ತಲೆ ತಗ್ಗಿಸಿದ. ನಾಲ್ಕು ದಿನದಿಂದ ಯಾವುದೋ ಮಾತು ಶಿಷ್ಯನ ಗಂಟಲಲ್ಲೇ ನಿಂತಿರುವುದನ್ನು ಗುರುಗಳು ಗಮನಿಸಿದ್ದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕತೆ ತೆಗೆದರು.

ಒಂದು ಕೋಟೆ. ಕೋಟೆಯ ಮೂಲೆಯಲ್ಲಿ ಮದ್ದಿನ ಮನೆ. ಫಿರಂಗಿಗೆ ಬೇಕಾದ ಮದ್ದನ್ನು ಅಲ್ಲೇ ಕುಟ್ಟಿ, ಜರಡಿ ಹಿಡಿದು, ಮಡಕೆಗಳಲ್ಲಿ ತುಂಬಿಡುತ್ತಿದ್ದರು. ಒಂದು ಕಿಡಿ ಬಿದ್ದರೆ ಮುಗಿಯಿತು, ಮನೆಯೂ ಇಲ್ಲ, ಒಳಗಿನವರೂ ಇಲ್ಲ. ಅದಕ್ಕೇ ಬಾಗಿಲಲ್ಲಿ ಒಬ್ಬ ಕಾವಲುಗಾರ. ಅವನ ಕೆಲಸ ಕತ್ತಿ ಹಿಡಿಯುವುದಲ್ಲ, ಪ್ರಶ್ನೆ ಕೇಳುವುದು. ಯಾರೇ ಬರಲಿ, ಮೆಟ್ಟು ಬಿಡಿಸಿ, ಕಾಲಿಗೆ ನೀರು ಕೊಟ್ಟು, "ಸೊಂಟದಲ್ಲೇನಿದೆ? ಸಂಚಿಯಲ್ಲೇನಿದೆ?" ಎಂದು ಕೇಳಬೇಕು. ಬಂದವರು ಎಲ್ಲವನ್ನೂ ಹೊರಗಿನ ಕಟ್ಟೆಯ ಮೇಲೆ ಬಿಚ್ಚಿಡಬೇಕು.

ಈ ಪದ್ಧತಿ ಹಾಕಿದವನು ಹಿಂದಿನ ಕಾವಲುಗಾರ, ಒಬ್ಬ ಮುದುಕ. ಈಗಿನವನಿಗೆ ಕೆಲಸ ಕಲಿಸುವಾಗ, "ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲಿಕ್ಕೆ ಜಾಗ ಸಿಗುವುದಿಲ್ಲ, ನೆನಪಿಟ್ಟುಕೋ" ಎಂದು ಕಿವಿ ಹಿಂಡಿದ್ದ. ಕಲಿತವನು ಮರೆಯಲಿಲ್ಲ. ಪಾಳೆಯಗಾರನೇ ಬಂದಾಗಲೂ ಕೇಳಿದ. ಪಾಳೆಯಗಾರ ನಗುತ್ತಾ ಬಾಕು ಬಿಚ್ಚಿಟ್ಟ. ಕಾವಲುಗಾರನ ಸ್ವಂತ ತಮ್ಮ ಒಳಗೆ ಜರಡಿ ಹಿಡಿಯುತ್ತಿದ್ದ. ತಾಯಿ ಸಾಯುವಾಗ ಅವನನ್ನು ಅಣ್ಣನ ಕೈಗೆ ಒಪ್ಪಿಸಿ ಹೋಗಿದ್ದಳು. ಅವನನ್ನೂ ದಿನಾ ಬೆಳಿಗ್ಗೆ ಕೇಳುತ್ತಿದ್ದ. "ಅಣ್ಣಾ, ಒಂದೇ ಮನೆಯಿಂದ ಜೊತೆಗೇ ಬಂದೆವಲ್ಲ!" ಎಂದು ತಮ್ಮ ರೇಗಿಸುತ್ತಿದ್ದ. "ಮುಚ್ಚು ಬಾಯಿ, ಬಿಚ್ಚು ಸಂಚಿ" ಎನ್ನುತ್ತಿದ್ದ ಅಣ್ಣ.

ಒಂದು ಮಧ್ಯಾಹ್ನ ಆ ಮುದುಕ ಕೋಲೂರಿಕೊಂಡು ಬಂದ. ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಸಾಯುವ ಮುಂಚೆ ಒಮ್ಮೆ ಮದ್ದಿನ ಮನೆ ನೋಡಬೇಕೆಂಬ ಆಸೆ. ಕಾವಲುಗಾರನಿಗೆ ಹಿಗ್ಗು ತಡೆಯಲಾಗಲಿಲ್ಲ. ಅಡ್ಡಬಿದ್ದ. ತಾನೇ ಮೆಟ್ಟು ಕಳಚಿದ, ತಾನೇ ಕಾಲು ತೊಳೆದ. ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅಯ್ಯೋ, ಕೇಳಲು ಕಲಿಸಿದವರನ್ನೇ ಕೇಳುವುದೇ? ಅನ್ನದ ದಾರಿ ತೋರಿಸಿದವರ ಸೊಂಟ ತಡವುವುದೇ? ಅವನಿಗೆ ನಾಚಿಕೆಯಾಯಿತು. ಮುದುಕ ಹೊಸ್ತಿಲಲ್ಲಿ ಒಂದು ಗಳಿಗೆ ಸುಮ್ಮನೆ ನಿಂತ. "ಬನ್ನಿ ಯಜಮಾನರೇ, ನಿಮ್ಮದೇ ಮನೆ" ಎಂದು ಕಾವಲುಗಾರ ಅವನ ಕೈ ಹಿಡಿದು ಒಳಗೆ ಬಿಟ್ಟ. ಮಜ್ಜಿಗೆ ತರಲು ಮನೆಗೆ ಓಡಿದ.

ಕೆಲಸ ಬಿಟ್ಟ ಮೇಲೆ ಮುದುಕನಿಗೆ ಚುಟ್ಟ ಸೇದುವ ಚಟ ಹತ್ತಿತ್ತು. ಎಲೆಯಡಿಕೆಯ ಸಂಚಿಯಲ್ಲೇ ಚಕಮಕಿ ಕಲ್ಲು, ಉಕ್ಕಿನ ತುಂಡು. ಎಲ್ಲ ನೋಡಿ ಹೊರಗೆ ಬರುತ್ತಾ, ಅಡಿಕೆಗೆಂದು ಹೊಸ್ತಿಲಲ್ಲೇ ಸಂಚಿ ಬಿಚ್ಚಿದ. ಉಕ್ಕು ಜಾರಿ ಕಲ್ಲಿಗೆ ತಾಗಿ ಕಿಡಿ ಹಾರಿತು. ಕೆಲಸದವರ ಕಾಲಿಗೆ ಅಂಟಿ ಬಂದ ಮದ್ದಿನ ಪುಡಿ ಅಲ್ಲೆಲ್ಲ ಚೆಲ್ಲಿತ್ತು.

ಕಾವಲುಗಾರ ಮಜ್ಜಿಗೆಯ ಚೊಂಬು ಹಿಡಿದು ಅರ್ಧ ದಾರಿಯಲ್ಲಿದ್ದ. ನೆಲ ನಡುಗಿತು. ಚೊಂಬು ಬಿಸಾಡಿ ಓಡಿಬಂದ. ಒಳಗಿದ್ದ ಏಳು ಜನರಲ್ಲಿ ಒಬ್ಬನೂ ಉಳಿದಿರಲಿಲ್ಲ. ತಮ್ಮನು ಬೆಳಿಗ್ಗೆ ಬಿಚ್ಚಿಟ್ಟಿದ್ದ ಸಂಚಿ ಮಾತ್ರ ದೂರದ ಗೋಡೆಯ ಬುಡದಲ್ಲಿ ಸಿಕ್ಕಿತು. ಅದನ್ನು ಎದೆಗೊತ್ತಿಕೊಂಡು ಗೋಳೋ ಎಂದು ಅತ್ತ.

ಹೊಸ್ತಿಲಲ್ಲಿದ್ದ ಮುದುಕ ಮಾತ್ರ ಅಂಗಳಕ್ಕೆ ಹಾರಿ ಬಿದ್ದಿದ್ದ. ಸಂಜೆಯವರೆಗೆ ಜೀವವಿತ್ತು. ಕಾವಲುಗಾರ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟ.

"ಯಾಕಪ್ಪಾ ನನ್ನನ್ನು ಕೇಳಲಿಲ್ಲ?" ಎಂದ ಮುದುಕ.

"ನಿಮ್ಮನ್ನು ಹೇಗೆ ಕೇಳಲಿ, ಯಜಮಾನರೇ?"

"ವಯಸ್ಸಾಯಿತು ಮಗನೇ, ಮರೆವು. ಹೊಸ್ತಿಲಲ್ಲಿ ನಿಂತಾಗ ಏನೋ ಮರೆತಿದ್ದೇನೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ನೀನು ಕೇಳಿದ್ದರೆ ನೆನಪಾಗುತ್ತಿತ್ತು."

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪ ಕಣ್ಣೊರೆಸಿಕೊಂಡ. "ಪಾಪ, ಅವನು ಸುಮ್ಮನಿದ್ದದ್ದು ಮರ್ಯಾದೆಯಿಂದಲೇ ಅಲ್ಲವೇ, ಗುರುಗಳೇ?" ಎಂದ.

"ಮರ್ಯಾದೆಯಿಂದಲೇ. ಅದಕ್ಕೇ ಅವನನ್ನು ಯಾರೂ ಬೈಯಲಿಲ್ಲ. ತಮ್ಮನೂ ತಿರುಗಿ ಬರಲಿಲ್ಲ."

ಗುರುಗಳು ತಮ್ಮ ಸೊಂಟದ ಸಂಚಿಯನ್ನು ಬಿಚ್ಚಿ ಅವನ ಮುಂದಿಟ್ಟರು.

"ನಾಲ್ಕು ದಿನದಿಂದ ನಾನೂ ಹೊಸ್ತಿಲಲ್ಲೇ ನಿಂತಿದ್ದೇನೆ, ಮಗನೇ, ನನ್ನನ್ನು ಕೇಳು."