ಕೆಂಚವ್ವ ತೋಡಿದ ಗುಂಡಿ

ಹಾಲುಗೊಂದಿ ಅಂತ ಒಂದು ರಾಜ್ಯ. ಅಲ್ಲಿಗೊಬ್ಬ ರಾಜ. ಒಳ್ಳೆಯವನೇ, ಆದರೆ ಮಹಾ ಆತುರಗಾರ. ಎಲೆ ಮುಂದೆ ಕೂತರೆ ಅನ್ನ ಬೇಯೋವರೆಗೂ ತಡೀತಿರಲಿಲ್ಲ ಪುಣ್ಯಾತ್ಮ. ಅವನಿಗೊಬ್ಬ ಮಂತ್ರಿ, ಚೆನ್ನರಸ. ಅದೇ ರಾಜ್ಯದಲ್ಲಿ ಕೆಂಚವ್ವ ಅನ್ನೋ ಮುದುಕಿ ಇದ್ದಳು. ನಾನು ಹೇಳ್ತಿರೋದು ಅವಳ ಕಥೆ. ನಗು ಬರೋ ಕಥೆ ಅಲ್ಲ, ಮೊದಲೇ ಹೇಳಿಬಿಡ್ತೀನಿ. ನಗಬೇಕು ಅನ್ನೋರು ಈಗಲೇ ಎದ್ದು ಹೋಗಿ.

ಕೆಂಚವ್ವನ ಕಸುಬು ನೆಲ ನೋಡೋದು. ಯಾರು ಮನೆ ಕಟ್ಟಲಿ, ಗುಡಿ ಕಟ್ಟಲಿ, ಮೊದಲು ಅವಳು ಬರಬೇಕು. ಬೆಳಿಗ್ಗೆ ಮೊಣಕಾಲುದ್ದದ ಗುಂಡಿ ತೋಡ್ತಾಳೆ. ಸಂಜೆ ಅದೇ ಮಣ್ಣನ್ನ ಅದೇ ಗುಂಡಿಗೆ ತುಂಬ್ತಾಳೆ. ಮಣ್ಣು ಮಿಕ್ಕಿದರೆ ನೆಲ ಗಟ್ಟಿ, ಕಟ್ಟಬಹುದು. ಸಾಲದೆ ಹೋದರೆ ನೆಲ ಪೊಳ್ಳು, ಕಟ್ಟಬೇಡಿ. ಅವಳು ಬೇಡ ಅಂದ ಜಾಗದಲ್ಲಿ ಯಾರೂ ಒಂದು ಕಲ್ಲೂ ಇಡ್ತಿರಲಿಲ್ಲ.

ಒಂದು ಬೇಸಿಗೆ. ನೇಕಾರರ ಕೇರಿಗೆ ಬೆಂಕಿ ಬಿತ್ತು. ನಲವತ್ತು ಮನೆ ಸುಟ್ಟು ಬೂದಿಯಾಯ್ತು. ಕೆಂಚವ್ವ ತನ್ನ ಒಬ್ಬಳೇ ಮಗಳು ನಿಂಗಿಯನ್ನ ಕೊಟ್ಟಿದ್ದು ಆ ಕೇರಿಗೇ. ಅವಳೂ ಗಂಡನ ಜೊತೆ ಮರದಡಿ ಬಿದ್ದುಕೊಂಡಳು. ರಾಜ ಅಂದ, "ಮಳೆಗಾಲದೊಳಗೆ ಹೊಸ ಕೇರಿ ಏಳಬೇಕು. ಎಲ್ಲಿ ಕಟ್ಟೋಣ?"

ಊರಾಚೆ ಎರಡು ಜಾಗ ಇದ್ದವು. ಒಂದು ಎತ್ತರದ ದಿಬ್ಬ, ಕೆಂಪು ಮಣ್ಣಿನದು. ಅದರ ಪಕ್ಕದಲ್ಲೇ ಕರಿಮಣ್ಣಿನ ಒಂದು ತಗ್ಗು, ಒಣಗಿ ಅಂಗಳದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ದಿಬ್ಬದ ಮೇಲೆ ತನಗೊಂದು ಮಹಲು ಬೇಕು ಅಂತ ಚೆನ್ನರಸನಿಗೆ ಆಸೆ. ಅದಕ್ಕೇ ಅಂದ, "ಮಹಾಸ್ವಾಮಿ, ತಗ್ಗೇ ಒಳ್ಳೇದು. ಚಿನ್ನದಂಥ ನೆಲ."

ರಾಜ ಕೆಂಚವ್ವನನ್ನ ತಗ್ಗಿಗೆ ಕರೆಸಿದ. ಅವಳು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಮೂಸಿದಳು. "ಬುದ್ಧೀ, ಇಲ್ಲಿ ನೀರು ನಿಂತಿದ್ದ ವಾಸನೆ ಇದೆ. ನೇಕಾರರ ಮಗ್ಗಕ್ಕೆ ಮನೆಯೊಳಗೇ ಗುಂಡಿ ಬೇಕು. ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ತಾರೆ. ಈ ನೆಲ ಅವರಿಗೆ ಆಗಲ್ಲ."

"ಗುಂಡಿ ತೋಡು, ನೋಡೋಣ" ಅಂದ ರಾಜ.

ತೋಡಿದಳು. ಮಧ್ಯಾಹ್ನ ಗಂಜಿ ಕುಡಿಯೋಕೆ ಮನೆಗೆ ಹೋದಳು. ಆಗ ಚೆನ್ನರಸನ ಆಳುಗಳು ದಿಬ್ಬದಿಂದ ಎರಡು ಪುಟ್ಟಿ ಮಣ್ಣು ತಂದು ಅವಳ ಗುಡ್ಡೆಗೆ ಬೆರೆಸಿದರು. ಸಂಜೆ ತುಂಬಿದರೆ ಮಣ್ಣು ಮಿಕ್ಕಿಬಿಟ್ಟಿತು! "ಬುದ್ಧೀ, ಇದರಲ್ಲಿ ಕೆಂಪು ಮಣ್ಣು ಸೇರಿದೆ" ಅಂದಳು. "ಪಾಪ, ಅಜ್ಜಿಗೆ ಕಣ್ಣು ಮಂಜು" ಅಂದ ಚೆನ್ನರಸ. ಎಲ್ಲರೂ ಘೊಳ್ ಅಂತ ನಕ್ಕರು.

ಎರಡನೇ ಸಲ ಕೆಂಚವ್ವ ಹಸು ಬಿಟ್ಟಳು. ಮೇದ ಹಸು ಬೆಚ್ಚಗಿರೋ ನೆಲ ಹುಡುಕಿ ಮಲಗುತ್ತೆ, ತೇವದಲ್ಲಿ ಮಲಗಲ್ಲ. ಚೆನ್ನರಸ ಏನು ಮಾಡಿದ ಗೊತ್ತಾ? ಅದರ ಕರುವನ್ನ ತಗ್ಗಿನ ಜಾಲಿಪೊದೆ ಹಿಂದೆ ಕಟ್ಟಿಸಿದ. ತಾಯಿ ಅಂಬಾ ಅಂತ ಓಡಿ ಹೋಗಿ ಕರುವಿನ ಪಕ್ಕ ಮಲಗಿತು. ಮತ್ತೆ ನಗು.

ಮೂರನೇ ಸಲ ಅವಳು ಆಳುದ್ದ ಅಗೆದು ಬೊಗಸೆ ತುಂಬ ಕಪ್ಪೆಚಿಪ್ಪು ತಂದು ರಾಜನ ಮುಂದೆ ಸುರಿದಳು. "ನೀರಿಲ್ಲದೆ ಇವು ಎಲ್ಲಿಂದ ಬಂದವು ಬುದ್ಧೀ? ಒಂದು ಮಳೆಗಾಲ ಕಾಯಿರಿ. ಒಂದೇ ಒಂದು. ಕಾಲಿಗೆ ಬೀಳ್ತೀನಿ."

ರಾಜನಿಗೆ ರೇಗಿತು. "ಜನ ಬಯಲಲ್ಲಿ ಬಿದ್ದಿದ್ದಾರೆ, ನೀನು ಚಿಪ್ಪು ಆರಿಸ್ತಿದ್ದೀಯಾ? ಇನ್ನೊಂದು ಮಾತಾಡಿದರೆ ನಾಲಿಗೆ ಕೀಳಿಸ್ತೀನಿ!"

ಕೆಂಚವ್ವ ಮನೆಗೆ ಬಂದು ಗುದ್ದಲಿ ಮೂಲೆಗೆಸೆದಳು. ಆವತ್ತಿಂದ ಅವಳನ್ನ ಯಾರೂ ಕರೀಲಿಲ್ಲ. ಮಂಜುಗಣ್ಣಿನ ಅಜ್ಜಿ ಅಂತ ಹೆಸರಾಯ್ತು. ದಿನಾ ತನ್ನ ಕೈ ತಾನೇ ನೋಡಿಕೊಳ್ಳೋಳು. ನಿಜವಾಗಲೂ ನನಗೆ ಏನೂ ಗೊತ್ತಾಗ್ತಿಲ್ಲವೇನೋ ಅಂತ ಅನ್ನಿಸೋಕೆ ಶುರುವಾಯ್ತು.

ತಗ್ಗಿನಲ್ಲಿ ಮನೆಗಳು ಎದ್ದವು. ನಿಂಗಿ ಬಂದಳು. "ಅವ್ವಾ, ನಾಳೆ ಹೊಸಮನೆಗೆ ಹೋಗ್ತಿದ್ದೀವಿ. ನೀನೊಂದು ಮಾತು ಹೇಳು. ಹೋಗ್ಲಾ?"

ಕೆಂಚವ್ವನ ಗಂಟಲವರೆಗೂ ಮಾತು ಬಂತು. ಆ ನಗು ನೆನಪಾಯ್ತು, ರಾಜನ ಕಣ್ಣು ನೆನಪಾಯ್ತು. "ಹೋಗವ್ವ" ಅಂದುಬಿಟ್ಟಳು.

ಮಳೆ ಹಿಡೀತು. ಮೊದಲನೇ ದಿನ ಮಗ್ಗದ ಗುಂಡಿಗಳಲ್ಲಿ ನೆಲ ತೇವ ಆಯ್ತು. ಎರಡನೇ ದಿನ ನೀರು ಒಸರಿತು. ಮೂರನೇ ದಿನ ಮಧ್ಯಾಹ್ನ ಸುತ್ತಲ ನೀರೆಲ್ಲ ನುಗ್ಗಿ ಬಂದು ಹಸಿ ಗೋಡೆಗಳು ಕುಸಿದವು. ಜನ ಮಕ್ಕಳನ್ನ ಹೆಗಲ ಮೇಲೆ ಹೊತ್ತು ದಿಬ್ಬ ಹತ್ತಿದರು. ಏಳು ಜನ ಹತ್ತಲಿಲ್ಲ. ನೇಯ್ತಿದ್ದ ಹಾಸಿನ ನೂಲು ಕುಯ್ದುಕೊಂಡು ಬರ್ತೀನಿ ಅಂತ ಮಗ್ಗದ ಹತ್ತಿರ ಹೋದ ನಿಂಗಿ ವಾಪಸ್ ಬರಲಿಲ್ಲ.

ಮಾರನೇ ದಿನ ಕೆಂಚವ್ವನನ್ನ ಆಸ್ಥಾನಕ್ಕೆ ಎಳಕೊಂಡು ಬಂದರು. ಹೊರಗೆ ಮಳೆ ಸುರೀತಾನೇ ಇತ್ತು. ಚೆನ್ನರಸ ಬೆರಳು ಮಾಡಿದ. "ಗುಂಡಿ ತೋಡಿದವಳು ಇವಳು! ನೆಲದಲ್ಲಿ ಏನೂ ತಪ್ಪಿಲ್ಲ ಮಹಾಸ್ವಾಮಿ, ಇವತ್ತಿಗೂ ಅದು ಚಿನ್ನದಂಥ ನೆಲವೇ. ಇವಳು ಹೊಟ್ಟೆ ಉರ್ಕೊಂಡು ಶಾಪ ಹಾಕಿದಳು, ಅದಕ್ಕೇ ಹೀಗಾಯ್ತು."

ಕೆಂಚವ್ವನಿಗೆ ಬದುಕೋ ಆಸೆ ಇರಲಿಲ್ಲ. ಕೊಂದುಬಿಡಿ ಅಂತ ಹೇಳಬೇಕು ಅಂತಲೇ ಬಂದಿದ್ದಳು. ಆದರೆ ಚಿನ್ನದಂಥ ನೆಲ ಅನ್ನೋ ಮಾತು ಕಿವಿಗೆ ಬಿದ್ದು ತಲೆ ಎತ್ತಿದಳು.

"ಮಂತ್ರಿಗಳು ಹೇಳಿದ್ದು ದಿಟ ಬುದ್ಧೀ. ನಾನೇ ಪಾಪಿ. ನನ್ನ ಶಾಪ ತೆಗೆಯೋಕೆ ದೊಡ್ಡವರ ಕಾಲು ಆ ನೆಲಕ್ಕೆ ಬೀಳಬೇಕು, ಆಗ ನೀರು ತಾನೇ ಇಳಿಯುತ್ತೆ. ಮಂತ್ರಿಗಳು ಹೆಂಡತಿ ಮಕ್ಕಳ ಸಮೇತ ಈಗಲೇ ಅಲ್ಲಿ ಬಿಡಾರ ಹೂಡಲಿ. ಅವರು ಮಹಲಿಗೆ ಅಂತ ಇಟ್ಟುಕೊಂಡಿರೋ ದಿಬ್ಬದ ಮೇಲೆ ಬೇಕಾದರೆ ನೇಕಾರರು ಬಿದ್ದಿರಲಿ."

"ಆಗಬಹುದು. ಹೊರಡು ಚೆನ್ನರಸ" ಅಂದ ರಾಜ.

"ಮಳೆ ನಿಲ್ಲಲಿ ಮಹಾಸ್ವಾಮಿ."

"ಒಳ್ಳೆ ನೆಲಕ್ಕೆ ಮಳೆ ಏನು ಮಾಡೀತು?"

"ಮಕ್ಕಳು ಚಿಕ್ಕವು ಮಹಾಸ್ವಾಮಿ."

"ನೇಕಾರರ ಮಕ್ಕಳೂ ಚಿಕ್ಕವೇ ಇದ್ದವು" ಅಂದಳು ಕೆಂಚವ್ವ.

ಭಟರು ರಟ್ಟೆ ಹಿಡಿದರು. ಚೆನ್ನರಸ ಕಿರುಚಿದ, "ಬೇಡ! ಅದು ಕೆರೆಯಂಗಳ! ನೀರು ಹೊರಗೆ ಹೋಗೋ ತೂಬು ಮುಚ್ಚಿಸಿದ್ದೇ ನಮ್ಮಜ್ಜ! ಎಂದಾದರೂ ಮೂರು ದಿನ ಬಿಡದೆ ಮಳೆ ಹಿಡಿದರೆ ಆಳುದ್ದ ನೀರು ನಿಲ್ಲುತ್ತೆ ಅಂತ ನನಗೆ ಸಾರಿ ಸಾರಿ ಹೇಳಿದ್ದ!"

ರಾಜ ನಿಧಾನವಾಗಿ ಕೇಳಿದ, ಹುಟ್ಟಿದ ಮೇಲೆ ಅವನು ನಿಧಾನವಾಗಿ ಆಡಿದ ಮೊದಲ ಮಾತು ಅದು. "ಹಾಗಾದರೆ ನಿನಗೆ ಮೊದಲೇ ಗೊತ್ತಿತ್ತಾ?"

ಚೆನ್ನರಸನ ಮಂತ್ರಿಗಿರಿ ಹೋಯ್ತು, ದಿಬ್ಬ ನೇಕಾರರಿಗಾಯ್ತು. ಅಜ್ಜ ಮುಚ್ಚಿಸಿದ ತೂಬನ್ನ ಮೊಮ್ಮಗನೇ ಕೆಸರಲ್ಲಿ ನಿಂತು ಬಿಡಿಸಿದ. ಆಮೇಲೆ ಬದುಕಿರೋವರೆಗೂ ಆ ಕೆರೆಯ ಹೂಳು ಹೊತ್ತ. ಕೆಂಚವ್ವ ಅದನ್ನ ನೋಡೋಕೂ ಹೋಗಲಿಲ್ಲ.

ನೀರು ಇಳಿದ ಮೇಲೆ ನಿಂಗಿ ಸಿಕ್ಕಳು. ಮಗ್ಗದ ಗುಂಡಿಯಲ್ಲೇ ಇದ್ದಳು. ಕೈಗೆಲ್ಲ ನೂಲು ಸುತ್ತಿಕೊಂಡಿತ್ತು.

ಕೆಂಚವ್ವ ಮೂಲೆಗೆಸೆದ ಗುದ್ದಲಿ ಎತ್ತಿಕೊಂಡಳು. ಬೇರೆ ಯಾರ ಕೈಗೂ ಕೊಡಲಿಲ್ಲ. ದಿಬ್ಬದ ಅಂಚಿನಲ್ಲಿ ತಾನೇ ಗುಂಡಿ ತೋಡಿದಳು. ಮಗಳನ್ನ ಇಳಿಸಿದಳು. ಅದೇ ಮಣ್ಣನ್ನ ಅದೇ ಗುಂಡಿಗೆ ತುಂಬಿದಳು. ನೇಕಾರರು ನೋಡ್ತಾ ನಿಂತಿದ್ದರು. ಇಲ್ಲಿ ಮನೆ ಕಟ್ಟಬಹುದಾ ಅಂತ ಕೇಳೋಕೆ ಯಾರಿಗೂ ಬಾಯಿ ಬರಲಿಲ್ಲ.

ಅವಳೇ ಹೇಳಿದಳು. "ಮಣ್ಣು ಮಿಕ್ಕಿದೆ. ನೆಲ ಗಟ್ಟಿ ಇದೆ. ಕಟ್ಟಿಕೊಳ್ಳಿ."

ನೀತಿ ಏನು ಅಂದರೆ, ಮಕ್ಕಳೇ, ಕಟ್ಟೋ ಮೊದಲು ನೆಲ ನೋಡಿ, ನೋಡಬಲ್ಲವರ ಮಾತು ಕೇಳಿ. ಬೇರೆಯವರ ಮನೆಗೆ ನೆಲ ತೋರಿಸಿ ಚಿನ್ನ ಅನ್ನೋನಿಗೆ, ಮೊದಲು ನೀನು ಅಲ್ಲಿ ಒಂದು ಮಳೆಗಾಲ ಇರು ಅನ್ನಿ. ಇನ್ನೊಂದು ಮಾತು. ಗೊತ್ತಿರೋರು ಮೂರು ಸಲ ಹೇಳಿ ಸೋತರೂ ನಾಲ್ಕನೇ ಸಲ ಹೇಳಬೇಕು. ಕೆಂಚವ್ವ ರಾಜನಿಗೆ ಮೂರು ಸಲ ಹೇಳಿದಳು. ಮಗಳಿಗೆ ಒಂದು ಸಲವೂ ಹೇಳಲಿಲ್ಲ.

ಆಯ್ತು, ಏಳಿ. ನಿಮ್ಮ ನಿಮ್ಮ ಅವ್ವಂದಿರ ಹತ್ತಿರ ಹೋಗಿ.