ಸವೆದ ಮೆಟ್ಟಿಲು

ಪುಟ್ಟ ಊರೊಂದರ ಚಿತ್ರಶಾಲೆಯಲ್ಲಿ ಅದೇ ಊರಿನ ಕೆರೆಯ ಹಳೆಯ ಚಿತ್ರವಿತ್ತು. ಕೆರೆ ಮುಚ್ಚಿ, ಅದರ ಮೇಲೆ ಬಸ್ ನಿಲ್ದಾಣ ಎದ್ದು ಎಷ್ಟೋ ಕಾಲವಾಗಿತ್ತು. ಪಕ್ಕದಲ್ಲಿ ಗಾಜಿನೊಳಗಿದ್ದ ಅರಮನೆಯ ಚಿತ್ರ ಹೇಳಿತು: "ಕೆರೆಯಮ್ಮಾ, ನಿನ್ನ ಮೆಟ್ಟಿಲ ಬಣ್ಣ ಸವೆದುಹೋಗಿದೆ. ಇವತ್ತು ರಿಪೇರಿಯವನು ಬಂದು ತುಂಬುತ್ತಾನೆ."

"ಬೇಡಪ್ಪ," ಎಂದಿತು ಕೆರೆ. "ಆ ಮೆಟ್ಟಿಲಲ್ಲಿ ಬಟ್ಟೆ ಒಗೆದವರು ಇಲ್ಲಿಗೆ ಬಂದು ಮುಟ್ಟಿ ಮುಟ್ಟಿ ಸವೆದದ್ದು ಅದು. ಹೊಸ ಬಣ್ಣ ಬಿದ್ದರೆ ಅವರಿಗೆ ಗುರುತು ಸಿಗುವುದಿಲ್ಲ."

ರಿಪೇರಿಯವನು ಬಂದು ಕುಂಚ ಅದ್ದಿದ. ಅಷ್ಟರಲ್ಲಿ ತಿಪ್ಪವ್ವ ಎಂಬ ಮುದುಕಿ ಮೊಮ್ಮಗಳೊಡನೆ ಬಂದು, ಅವಳ ಬೆರಳನ್ನು ಸವೆದ ಜಾಗದ ಮೇಲಿಟ್ಟಳು. "ಇದೇ ನೋಡವ್ವ, ನಮ್ಮ ಕಲ್ಲು. ನಿಮ್ಮವ್ವ ಕೂಸಿದ್ದಾಗ ಅವಳ ಬಟ್ಟೆ ಇಲ್ಲೇ ಒಗೀತಿದ್ದೆ."

ರಿಪೇರಿಯವನು ಕುಂಚ ತೊಳೆದಿಟ್ಟ.

ಎಲ್ಲರೂ ಹೋದ ಮೇಲೆ ಅರಮನೆ ಮೆಲ್ಲಗೆ ಕೇಳಿತು: "ಕೆರೆಯಮ್ಮಾ, ಈ ಗಾಜು ತೆಗೆಸುವುದು ಹೇಗೆ?"