ಮೇಷ್ಟ್ರ ನಂಬರು

“ಅಜ್ಜಾರೆ, ಹೊಸಬರು ಬಂದಾಗ ಮೊದಲು ಅವರು ಯಾರೆಂದು ವಿಚಾರಿಸಬೇಕೋ, ಮೊದಲು ಬನ್ನಿ ಎನ್ನಬೇಕೋ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮಡಿವಾಳಯ್ಯ. ಮಠದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ. ಭಕ್ತರು ಫೋನಿನಲ್ಲಿ ಕಟ್ಟಿಕೊಂಡ ಗುಂಪನ್ನು ನೋಡಿಕೊಳ್ಳುವ ಕೆಲಸವೂ ಅವನದೇ ಆಗಿತ್ತು. ಒಂದು ವಾರದಿಂದ ಆ ಗುಂಪಿನಲ್ಲಿ ಜಗಳ. ಗುರುತು ಪರಿಚಯವಿಲ್ಲದ ಒಬ್ಬರು ಬಂದು ಸೇರಿಕೊಂಡಿದ್ದರು. ಕೆಲವರು ಹೂವಿನ ಚಿತ್ರ ಕಳಿಸಿ ಸ್ವಾಗತಿಸಿದರು. ಕೆಲವರು ಮೊದಲು ಹೊರಗೆ ಹಾಕಿ, ಆಮೇಲೆ ವಿಚಾರಿಸಿ ಎಂದರು. ಎರಡೂ ಕಡೆಯವರ ಮಾತು ಸರಿ ಎನಿಸಿ ಮಡಿವಾಳಯ್ಯನಿಗೆ ಏನು ಮಾಡಬೇಕೆಂದು ತೋಚಲಿಲ್ಲ.

ಗುರುಗಳು ಫೋನು ಇಟ್ಟುಕೊಂಡವರಲ್ಲ. ಅವರು ಒಂದು ಕತೆ ಹೇಳತೊಡಗಿದರು.

ಒಬ್ಬ ಹೊಲಿಗೆಯ ಹೆಂಗಸು ಇದ್ದಳು. ವಯಸ್ಸು ನಲವತ್ತು ದಾಟಿತ್ತು. ತಾಯಿ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಇರಲಾಗದೆ ಬೇರೆ ಊರಿಗೆ ಬಂದಳು. ಅಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಇರಲು ಒಂದು ಕೋಣೆಯೂ ಸಿಕ್ಕಿತು. ಅವಳ ಹಳೆಯ ಫೋನ್ ನಂಬರು ಅಣ್ಣನ ಹೆಸರಿನಲ್ಲಿತ್ತು. ಅವಳು ಮನೆ ಬಿಟ್ಟ ವಾರದಲ್ಲೇ ಅವನು ಅದನ್ನು ನಿಲ್ಲಿಸಿದ. ಅವಳು ಹೊಸ ನಂಬರು ಕೊಂಡಳು. ಅದನ್ನು ಕೊಡಲು ಅವಳಿಗೆ ಯಾರೂ ಇರಲಿಲ್ಲ. ಅಂಗಡಿಯವರು ಬರೆದುಕೊಂಡರು, ಅಷ್ಟೇ.

ಎರಡು ತಿಂಗಳು ಆ ಫೋನಿಗೆ ಒಂದೇ ಒಂದು ಸಂದೇಶ ಬರಲಿಲ್ಲ. ಒಂದು ದಿನ ಬೆಳಿಗ್ಗೆ ಅದು ಸದ್ದು ಮಾಡತೊಡಗಿತು. ನಿಲ್ಲಲೇ ಇಲ್ಲ. ಅವಳು ಹೊಲಿಗೆ ನಿಲ್ಲಿಸಿ ನೋಡಿದಳು. ಯಾರೋ ಅವಳನ್ನು ಒಂದು ಗುಂಪಿಗೆ ಸೇರಿಸಿದ್ದರು. ಗುಂಪಿನ ಹೆಸರು ‘ಚೌಕದ ಮನೆ’. ಕೈಮುಗಿದ ಚಿತ್ರಗಳು, ದೀಪದ ಚಿತ್ರಗಳು ಒಂದರ ಮೇಲೊಂದು ಬರುತ್ತಿದ್ದವು. ಬಂದಿರಾ ಮೇಷ್ಟ್ರೇ, ಎಷ್ಟು ತಿಂಗಳಾಯಿತು ಎಂದು ಒಬ್ಬರು ಬರೆದಿದ್ದರು. ನೀವಿಲ್ಲದೆ ಬೆಳಗೇ ಆಗುತ್ತಿರಲಿಲ್ಲ ಎಂದು ಇನ್ನೊಬ್ಬರು. ಮಂಡಿನೋವು ಹೇಗಿದೆ ಎಂದು ಮತ್ತೊಬ್ಬರು.

ಅವಳು ತಬ್ಬಿಬ್ಬಾದಳು. ಅವಳು ಯಾರಿಗೂ ಮೇಷ್ಟ್ರಲ್ಲ. ಓದಿದ್ದು ಏಳನೆಯ ತರಗತಿ. ಫೋನನ್ನು ಬಟ್ಟೆಯ ಕೆಳಗೆ ಇಟ್ಟು ಕೆಲಸಕ್ಕೆ ಕುಳಿತಳು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದು ನೋಡಿದಳು.

ಅದು ಪದಬಂಧ ಬಿಡಿಸುವವರ ಗುಂಪು. ಅರವತ್ತು ಜನ, ಹತ್ತಾರು ಊರಿನವರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ದಿನ ಬೆಳಗಾದರೆ ಒಬ್ಬರು ಪದಬಂಧ ಕಟ್ಟಿ ಹಾಕುವರು, ಉಳಿದವರು ಸಂಜೆಯವರೆಗೆ ಬಿಡಿಸುವರು. ಅದನ್ನು ನಡೆಸುತ್ತಿದ್ದವರು ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು. ಮೇಷ್ಟ್ರು ಎಂದರೆ ಅವರೆಲ್ಲರಿಗಿಂತ ಚೆನ್ನಾಗಿ ಪದಬಂಧ ಕಟ್ಟುತ್ತಿದ್ದವರು. ಏಳೆಂಟು ತಿಂಗಳ ಹಿಂದೆ ಅವರು ಇದ್ದಕ್ಕಿದ್ದಂತೆ ಸುಮ್ಮನಾದರು. ಕರೆ ಮಾಡಿದರೆ ಹೋಗುತ್ತಿರಲಿಲ್ಲ. ಆಮೇಲೆ ಅವರ ನಂಬರು ಗುಂಪಿನಿಂದ ತಾನಾಗಿ ಬಿಟ್ಟುಹೋಯಿತು. ಫೋನು ಕೆಟ್ಟಿರಬೇಕು ಎಂದುಕೊಂಡ ಅಂಚೆಯವರು ಎರಡು ಮೂರು ತಿಂಗಳಿಗೊಮ್ಮೆ ಆ ನಂಬರನ್ನು ಮತ್ತೆ ಸೇರಿಸಲು ನೋಡುತ್ತಿದ್ದರು. ಆಗುತ್ತಿರಲಿಲ್ಲ. ಈ ಸಲ ಆಯಿತು.

ಹೊಲಿಗೆಯವಳಿಗೆ ಇದೊಂದೂ ಗೊತ್ತಿಲ್ಲ. ಅವಳು ಏನೇ ಬರೆದರೂ ಅರವತ್ತು ಜನರ ಫೋನಿನಲ್ಲಿ ಅದು ‘ಮೇಷ್ಟ್ರು’ ಎಂಬ ಹೆಸರಿನ ಕೆಳಗೇ ಕಾಣುತ್ತದೆ ಎಂಬುದೂ ಗೊತ್ತಿಲ್ಲ. ಗುಂಪು ಬಿಟ್ಟು ಹೋಗುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ತಿಳಿದಿದ್ದರೆ ಹೋಗುತ್ತಿದ್ದಳೋ ಇಲ್ಲವೋ, ಅದೂ ಅವಳಿಗೆ ತಿಳಿಯಲಿಲ್ಲ. ಎರಡು ದಿನ ಸುಮ್ಮನೆ ಓದಿದಳು.

ಮೂರನೆಯ ದಿನದ ಪದಬಂಧದಲ್ಲಿ ಒಂದು ಪದ ಯಾರಿಗೂ ಬಿಡಿಸಲಾಗಲಿಲ್ಲ. ಅಂಗಿಯ ಗುಂಡಿಗೆ ದಾರಿ, ಎರಡಕ್ಷರ ಎಂದು ಸುಳಿವು. ಎಲ್ಲರೂ ತೂತು ಎಂದರು. ಆದರೆ ಮೇಲಿನಿಂದ ಇಳಿದ ಇನ್ನೊಂದು ಪದದಿಂದಾಗಿ ಎರಡನೆಯ ಮನೆಯಲ್ಲಿ ‘ಜ’ ಬಂದು ಕುಳಿತಿತ್ತು. ಮಧ್ಯಾಹ್ನವಾಯಿತು, ಸಂಜೆಯಾಗುತ್ತ ಬಂತು. ಅವಳು ಆ ಹೊತ್ತಿಗೆ ಒಂದು ಅಂಗಿಗೆ ಅದನ್ನೇ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಕೈಯಲ್ಲೇ ಹೊಲಿದವಳು. ಇಷ್ಟು ಓದಿದವರಿಗೆ ಇದು ಗೊತ್ತಿಲ್ಲವೇ ಎಂದು ಅವಳಿಗೆ ಆಶ್ಚರ್ಯ. ‘ಕಾಜ’ ಎಂದು ಬರೆದಳು.

ಗುಂಪು ಹಬ್ಬದ ಮನೆಯಾಯಿತು. ಮೇಷ್ಟ್ರಲ್ಲದೆ ಇನ್ನಾರಿಗೆ ಹೊಳೆದೀತು ಎಂದರು. ಅವಳಿಗೆ ಮುಖ ಬಿಸಿಯಾಯಿತು. ಅವಳ ಮಾತಿಗೆ ಯಾರಾದರೂ ಹೀಗೆ ಸಂತೋಷಪಟ್ಟು ಎಷ್ಟೋ ಕಾಲವಾಗಿತ್ತು. ನಾನು ಅವರಲ್ಲ ಎಂದು ಬರೆಯಲು ಹೊರಟು, ನಾಳೆ ಬರೆದರಾಯಿತು ಎಂದುಕೊಂಡಳು.

ನಾಳೆ ಹತ್ತು ದಿನವಾಯಿತು. ದಿನಕ್ಕೊಂದು ಪದವೋ ಎರಡು ಪದವೋ ಅವಳು ಬಿಡಿಸುವಳು. ಒಬ್ಬ ಹೆಂಗಸು ತನ್ನ ಮಗಳು ಪಾಸಾದಳೆಂದೂ, ಅಂದು ಮೇಷ್ಟ್ರು ಹೇಳಿದ ಧೈರ್ಯದಿಂದಲೇ ಆದದ್ದೆಂದೂ ಬರೆದಳು. ಒಳ್ಳೆಯದಾಯಿತು ಎಂದು ಇವಳು ಬರೆದಳು. ಅದು ಸುಳ್ಳೇನೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ರೈಲು ಓಡಿಸುವ ಒಬ್ಬರು ಮಂಡಿನೋವಿನ ವಿಚಾರ ಮತ್ತೆ ಕೇಳಿದರು. ಮೂರು ಸಲ ಕೇಳಿದ್ದರು. ಉತ್ತರ ಕೊಡದಿದ್ದರೆ ಅವರು ನೊಂದುಕೊಂಡಾರು ಎನಿಸಿತು. ಈಗ ಕಡಿಮೆಯಾಗಿದೆ ಎಂದು ಬರೆದಳು.

ಆ ದಿನ ಅವಳು ಒಂದು ರವಿಕೆಯ ಎಡದ ತೋಳನ್ನು ಬಲಕ್ಕೆ ಹೊಲಿದಳು. ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಅದೇ ತಪ್ಪಾಯಿತು. ತನಗಿಲ್ಲದ ನೋವು ಗುಣವಾಯಿತು ಎಂದು ಹೇಳಿದ್ದಳು. ಅದನ್ನು ಓದಿ ಯಾರೋ ನೆಮ್ಮದಿಯಿಂದ ರೈಲು ಓಡಿಸುತ್ತಿದ್ದಾರೆ. ಇದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಬಗೆಹರಿಯಲಿಲ್ಲ. ಆ ಮೇಷ್ಟ್ರ ಮಂಡಿ ನಿಜವಾಗಿ ಈಗ ಹೇಗಿದೆಯೋ ಎಂಬ ಯೋಚನೆ ಅವಳಿಗೆ ಆಗ ಮೊದಲ ಸಲ ಬಂತು. ಕತ್ತರಿ ಕೆಳಗಿಟ್ಟು ಫೋನು ತೆಗೆದುಕೊಂಡಳು.

‘ನಾನು ಮೇಷ್ಟ್ರಲ್ಲ. ಬಟ್ಟೆ ಹೊಲಿಯುವವಳು. ಈ ನಂಬರು ನಾನು ಹೊಸದಾಗಿ ಕೊಂಡು ಎರಡು ತಿಂಗಳಾಯಿತು. ಮೊದಲೇ ಹೇಳಬೇಕಿತ್ತು. ತಪ್ಪಾಯಿತು.’

ಬೈಗುಳ ಬರಬಹುದೆಂದು ಅವಳು ಕಾದಳು. ಏನೂ ಬರಲಿಲ್ಲ. ಅರವತ್ತು ಜನ ಓದಿದರು. ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಪದಬಂಧವೂ ಬರಲಿಲ್ಲ. ತಾನು ಮಾಡಿದ ತಪ್ಪಿಗೆ ಇಷ್ಟು ಜನ ಆಟವನ್ನೇ ನಿಲ್ಲಿಸಿದರೇ ಎಂದು ಅವಳಿಗೆ ಗಲಿಬಿಲಿಯಾಯಿತು. ಮೇಷ್ಟ್ರ ನಂಬರು ಇನ್ನೊಬ್ಬರಿಗೆ ಮಾರಾಟವಾಗಿದೆ ಎಂದರೆ ಏನರ್ಥ ಎಂದು ಅವರೆಲ್ಲರಿಗೂ ಹೊಳೆದಿತ್ತು. ಅವಳಿಗೆ ಹೊಳೆದಿರಲಿಲ್ಲ.

ಅಂಚೆಯವರ ಬಳಿ ಮೇಷ್ಟ್ರ ವಿಳಾಸವಿತ್ತು. ಒಮ್ಮೆ ಅವರಿಗೊಂದು ನಿಘಂಟು ಕಳಿಸಿದ್ದರು. ಬಸ್ಸು ಹಿಡಿದು ಆ ಊರಿಗೆ ಹೋದರು. ಮನೆಗೆ ಬೀಗ. ಪಕ್ಕದವರು ವಿಷಯ ಹೇಳಿದರು. ಮೇಷ್ಟ್ರು ತೀರಿಕೊಂಡು ಎಂಟು ತಿಂಗಳಾಗಿತ್ತು. ಹಿಂದೆ ಮುಂದೆ ಯಾರೂ ಇರಲಿಲ್ಲ. ಇಂಥ ಗುಂಪೊಂದು ಇದೆ ಎಂದು ತಿಳಿದು ಸುದ್ದಿ ಮುಟ್ಟಿಸುವವರೂ ಇರಲಿಲ್ಲ.

ಅಂಚೆಯವರು ಅದನ್ನು ಗುಂಪಿನಲ್ಲಿ ಬರೆದರು. ಆಮೇಲೆ ಎರಡು ದಿನ ಎಲ್ಲರೂ ಮೇಷ್ಟ್ರನ್ನು ನೆನೆದು ಬರೆದರು. ಹೊಲಿಗೆಯವಳು ಪ್ರತಿಯೊಂದನ್ನೂ ಓದಿದಳು. ತಾನು ಕಾಣದ ಒಬ್ಬರ ಸಾವಿಗೆ, ತನಗೆ ಪರಿಚಯವಿಲ್ಲದ ಅರವತ್ತು ಜನ ಅಳುವಾಗ ತಾನು ಏನು ಬರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಆ ಸಾವಿನ ಸುದ್ದಿ ತಂದವಳು ತಾನೇ ಎಂಬುದು ಈಗ ಅರ್ಥವಾಗಿತ್ತು. ಅಂಗಡಿಯ ಹುಡುಗಿಯೊಬ್ಬಳನ್ನು ಕೇಳಿ, ಗುಂಪು ಬಿಡುವುದು ಹೇಗೆಂದು ತಿಳಿದುಕೊಂಡು, ಹೊರಗೆ ಬಂದಳು.

ಫೋನು ಮತ್ತೆ ಮೂಕವಾಯಿತು. ನಾಲ್ಕನೆಯ ದಿನ ಅಂಚೆಯವರಿಂದ ಅವಳೊಬ್ಬಳಿಗೇ ಒಂದು ಸಂದೇಶ ಬಂತು.

“ನಿಮ್ಮ ಹೆಸರೇನಮ್ಮ? ಇಷ್ಟು ದಿನ ಯಾರೂ ಕೇಳಲಿಲ್ಲ.”

ಅವಳು ಫಕೀರವ್ವ ಎಂದು ಬರೆದಳು. ನೀವು ಬರಬೇಕು, ಎಲ್ಲರೂ ಕೇಳುತ್ತಿದ್ದಾರೆ ಎಂದು ಅವರು ಬರೆದರು. ಅದನ್ನು ಓದಿ ಅವಳಿಗೆ ಸಂತೋಷವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಬಹಳ ಹೊತ್ತು ಯೋಚಿಸಿ ಕೇಳಿದಳು.

“ನೀವು ಕರೆಯುತ್ತಿರುವುದು ನನ್ನನ್ನೋ, ಮೇಷ್ಟ್ರ ನಂಬರನ್ನೋ?”

ಉತ್ತರ ಬರಲು ಒಂದು ದಿನ ಹಿಡಿಯಿತು. ಅದು ನನಗೂ ಸರಿಯಾಗಿ ತಿಳಿಯದಮ್ಮ ಎಂದು ಅವರು ಬರೆದಿದ್ದರು. ನನ್ನ ಫೋನಿನಲ್ಲಿ ನೀವು ಈಗಲೂ ಮೇಷ್ಟ್ರು ಎಂದೇ ಬರುತ್ತೀರಿ, ಆ ಹೆಸರು ಅಳಿಸಲು ಕೈ ಬರುತ್ತಿಲ್ಲ, ನೀವು ಹೇಳದಿದ್ದರೆ ನಾವು ಇನ್ನೂ ಕಾಯುತ್ತಲೇ ಇರುತ್ತಿದ್ದೆವು ಎಂದೂ ಬರೆದಿದ್ದರು. ಕೊನೆಯ ಮಾತು ಉಪಕಾರ ನೆನೆದದ್ದೋ, ದೂರಿದ್ದೋ, ಅವಳಿಗೆ ಗೊತ್ತಾಗಲಿಲ್ಲ.

ಈ ಗೊಂದಲ ಹೊತ್ತುಕೊಂಡು ಅವಳು ನನ್ನ ಹತ್ತಿರ ಬಂದಳು. ಗುಂಪಿನವರು ತನಗೆ ತೋರಿಸಿದ ಪ್ರೀತಿಯಲ್ಲಿ ಒಂದು ಪಾಲೂ ತನ್ನದಾಗಿರಲಿಲ್ಲ, ಈಗ ಕರೆದರೆ ಹೋಗಬೇಕೋ ಬೇಡವೋ ಎಂದು ಕೇಳಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಅವಳು ಮತ್ತೆ ಆ ಗುಂಪಿಗೆ ಹೋದಳೇ ಎಂದು ಮಡಿವಾಳಯ್ಯ ಕೇಳಿದ.

ಹೋದಳಂತೆ ಎಂದರು ಗುರುಗಳು. ಹೋದ ದಿನ ಹೂವಿನ ಚಿತ್ರ ಯಾರೂ ಕಳಿಸಲಿಲ್ಲವಂತೆ. ರೈಲಿನವರು ಮಾತ್ರ, ದಿನವೆಲ್ಲ ಬಗ್ಗಿ ಹೊಲಿಯುವವರಿಗೆ ಬೆನ್ನು ನೋಯುವುದಿಲ್ಲವೇ ಎಂದು ಕೇಳಿದರಂತೆ. ನೋಯುತ್ತದೆ ಎಂದು ಅವಳು ಬರೆದಳಂತೆ. ಈಗ ವಾರಕ್ಕೊಂದು ಪದಬಂಧ ಅವಳೇ ಕಟ್ಟುತ್ತಾಳೆ. ಕೆಲವರು ಇನ್ನೂ ಬಾಯಿತಪ್ಪಿ ಮೇಷ್ಟ್ರೇ ಎನ್ನುತ್ತಾರೆ. ಅವಳು ತಿದ್ದಲು ಹೋಗುವುದಿಲ್ಲ. ಇದಿಷ್ಟೂ ಮಠಕ್ಕೆ ಬಂದುಹೋಗುವ ಆ ಊರಿನವರು ಹೇಳಿದ ಮಾತು.

ಮಡಿವಾಳಯ್ಯನಿಗೆ ಕತೆ ತಿಳಿಯಿತು, ಉತ್ತರ ತಿಳಿಯಲಿಲ್ಲ. ಅವರು ಯಾರೆಂದು ಕೇಳದೆ ಕರೆದರು, ಅದರಿಂದ ಅವಳು ಕಷ್ಟಕ್ಕೆ ಸಿಕ್ಕಳು. ಹಾಗಾದರೆ ವಿಚಾರಿಸುವುದೇ ಸರಿ. ಆದರೆ ಮೊದಲೇ ವಿಚಾರಿಸಿದ್ದರೆ ಅವಳು ಒಂದು ದಿನವೂ ಅಲ್ಲಿ ಇರುತ್ತಿರಲಿಲ್ಲ. ಹಾಗಾದರೆ ಕರೆಯುವುದೇ ಸರಿ. ಯಾವುದನ್ನು ಹಿಡಿದರೂ ಇನ್ನೊಂದು ಕೈ ಎಳೆಯುತ್ತಿತ್ತು. ಅವಳಿಗೆ ಗುರುಗಳು ಕೊಟ್ಟ ಉತ್ತರ ತಿಳಿದರೆ ತನ್ನ ಗುಂಪಿನ ಜಗಳವೂ ತೀರುತ್ತದೆ ಎಂದುಕೊಂಡ.

“ಅಜ್ಜಾರೆ, ಅಂದು ಅವಳು ಬಂದು ಕೇಳಿದಾಗ ತಾವು ಏನು ಹೇಳಿದಿರಿ?”

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು.

“ಯಾವ ಊರು, ಯಾರ ಪೈಕಿ, ಯಾರು ಕಳಿಸಿದರು ಎಂದು ನಾನು ಕೇಳುತ್ತಲೇ ಇದ್ದೆ, ತಮ್ಮಾ, ಬಾ, ಕುಳಿತುಕೋ ಎನ್ನಲಿಲ್ಲ, ಇಷ್ಟನ್ನೂ ಅವಳು ನಿಂತುಕೊಂಡೇ ಹೇಳಿ ಹೋದಳು.”